577201: ಶಿವಮೊಗ್ಗದ ಪಿನ್‌ಕೋಡನ್ನು ಕೈಲೆಕ್ಕದಲ್ಲಿ ಬಿಡಿಸುವ ಬಗೆ

ಕಳೆದ ಆಷಾಢದಲ್ಲಿ, ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಎರಡನೆಯ ದಿನ. ಎಂಟನೇ ತರಗತಿಯಲ್ಲಿ ಓದುವ ಅಣ್ಣನ ಮಗಳು ಜಗಲಿಯಲ್ಲಿ ಕುಳಿತು, ಶಿವಮೊಗ್ಗದ ಹಾಸ್ಟೆಲಿನಲ್ಲಿರುವ ಗೆಳತಿಗೆ ಅಂಚೆ ಕಾರ್ಡು ಬರೆಯುತ್ತಿದ್ದಳು. ವಿಳಾಸದ ಕೆಳಗಿನ ಆರು ಚೌಕಗಳಲ್ಲಿ ಒಂದೊಂದೇ ಅಂಕಿ ತುಂಬಿದಳು: 5, 7, 7, 2, 0, 1. ಆಮೇಲೆ ಪೆನ್ನು ಕಚ್ಚಿಕೊಂಡು ಅದನ್ನೇ ನೋಡುತ್ತ ಕುಳಿತಳು. ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಏನೇನೋ ಭಾಗಾಕಾರ ಮಾಡಿ, “ಚಿಕ್ಕಪ್ಪ, ಇದು ಅವಿಭಾಜ್ಯ ಸಂಖ್ಯೆಯೇ ಇರಬೇಕು. 13ರವರೆಗೆ ನೋಡಿದೆ, ಯಾವುದರಿಂದಲೂ ಭಾಗ ಹೋಗುವುದಿಲ್ಲ” ಎಂದಳು.

ಅವಳು ಮಾಡಿದ ಲೆಕ್ಕವೆಲ್ಲ ಸರಿಯಾಗಿತ್ತು, ನಿಲ್ಲಿಸಿದ ಜಾಗ ಮಾತ್ರ ತಪ್ಪಾಗಿತ್ತು. 13ರ ಮುಂದಿನ ಅವಿಭಾಜ್ಯ 17. ಬಾಗಿಲು ಇದ್ದದ್ದು ಅಲ್ಲಿಯೇ. ಅಂದು ಸಂಜೆ ಇಬ್ಬರೂ ಸೇರಿ ಆ ಸಂಖ್ಯೆಯನ್ನು ಪೂರ್ತಿ ಬಿಡಿಸಿದೆವು. ಅದೇ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಗದ, ಪೆನ್ನು, ಇಪ್ಪತ್ತರವರೆಗಿನ ಮಗ್ಗಿ ಇದ್ದರೆ ಸಾಕು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ದೊಡ್ಡ ಸಂಖ್ಯೆಯ ವಿಷಯದಲ್ಲಿ ನಿಮ್ಮ ಶ್ರಮವನ್ನೆಲ್ಲ ಅವಿಭಾಜ್ಯ ಅಪವರ್ತನಗಳನ್ನು ಹುಡುಕುವುದಕ್ಕೇ ಮೀಸಲಿಡಿ. ಅವು ಕೈಗೆ ಸಿಕ್ಕಿದವೆಂದರೆ ಮಿಕ್ಕ ಗುಣಗಳು ಒಂದರ ಹಿಂದೊಂದು ತಾವಾಗಿಯೇ ಬರುತ್ತವೆ.

ಸಂಖ್ಯೆಯ ಪರಿಚಯ

ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ. ಮೊದಲ ಮೂರು ಅಂಕಿ ಸೇರಿ ಟಪಾಲು ವಿಂಗಡಿಸುವ ಜಿಲ್ಲೆಯನ್ನು ಹೇಳುತ್ತವೆ, ಕೊನೆಯ ಮೂರು ಅಂಚೆ ಕಚೇರಿಯನ್ನು. ಹಾಗಾಗಿ ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ, ಅತ್ತ ಚಿಕ್ಕಮಗಳೂರು, ದಾವಣಗೆರೆಗಳ ವಿಳಾಸವೂ 577ರಿಂದಲೇ ಶುರುವಾಗುತ್ತದೆ.

ಈ 577 ಸಾಮಾನ್ಯ ಸಂಖ್ಯೆಯಲ್ಲ. ಅದು ಅವಿಭಾಜ್ಯ, 24ರ ವರ್ಗಕ್ಕಿಂತ ಒಂದೇ ಒಂದು ಹೆಚ್ಚು. ಇನ್ನೂ ಹಳೆಯ ನಂಟೊಂದಿದೆ. ಯಜ್ಞವೇದಿಕೆಗಳ ಅಳತೆ ಹೇಳುವ ಬೌಧಾಯನ ಶುಲ್ಬಸೂತ್ರದಲ್ಲಿ 2ರ ವರ್ಗಮೂಲಕ್ಕೆ ಕೊಟ್ಟಿರುವ ಬೆಲೆ 1 + 1/3 + 1/(3×4) − 1/(3×4×34). ಕೂಡಿಸಿ ಕಳೆದು ನೋಡಿ, 577/408 ಬರುತ್ತದೆ. 577ರ ವರ್ಗ 332929, 408ರ ವರ್ಗದ ಎರಡರಷ್ಟು 332928. ಒಂದೇ ಒಂದರ ವ್ಯತ್ಯಾಸ! ನಮ್ಮ ಮನೆಗೆ ಬರುವ ಪ್ರತಿ ಕಾಗದದ ಮೇಲೂ ಆ ಪ್ರಾಚೀನ ಲೆಕ್ಕದ ಅಂಶ ಅಚ್ಚಾಗಿ ಬರುತ್ತದೆ ಎಂಬುದು ನನಗೆ ಇಂದಿಗೂ ಸಂತೋಷದ ಸಂಗತಿ.

ಹೆಜ್ಜೆ 1: ಎಲ್ಲಿಯವರೆಗೆ ಹುಡುಕಬೇಕು ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಇದನ್ನು ಮಾಡದೆ ಭಾಗಾಕಾರಕ್ಕೆ ಇಳಿಯಬೇಡಿ. ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ, ಆ ಎರಡೂ ಅದರ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ. ಹಾಗಿದ್ದರೆ ಗುಣಲಬ್ಧವೇ ಮೂಲ ಸಂಖ್ಯೆಯನ್ನು ಮೀರಿಬಿಡುತ್ತದೆ. ಆದ್ದರಿಂದ ವರ್ಗಮೂಲದವರೆಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು.

577201ರ ವರ್ಗಮೂಲವನ್ನು ಅಂದಾಜು ಮಾಡುವುದು ಸುಲಭ. 75ರ ವರ್ಗ 5625. ಅದಕ್ಕೆ 75 ಮತ್ತು 76 ಸೇರಿಸಿದರೆ 76ರ ವರ್ಗ, 5776. ಅಂದರೆ 760ರ ವರ್ಗ 577600, ನಮ್ಮ ಸಂಖ್ಯೆಗಿಂತ ತುಸುವೇ ಹೆಚ್ಚು. 759ರ ವರ್ಗ 576081, ಕಡಿಮೆ. ಹಾಗಾಗಿ ಗಡಿ 759. ಅಲ್ಲಿಯವರೆಗೆ 134 ಅವಿಭಾಜ್ಯಗಳಿವೆ, ಕೊನೆಯದು 757. ಇವುಗಳಲ್ಲಿ ಯಾವುದರಿಂದಲೂ ಭಾಗ ಹೋಗದಿದ್ದರೆ ಮಾತ್ರ “ಅವಿಭಾಜ್ಯ” ಎಂದು ಬರೆಯಬಹುದು. 13ರವರೆಗೆ ನೋಡಿದವರು ಆರನ್ನು ನೋಡಿದ್ದಾರೆ, 128 ಬಾಕಿ ಇವೆ.

134 ಎಂದು ಕೇಳಿ ಹೆದರಬೇಕಾಗಿಲ್ಲ. ಒಂದು ಅಪವರ್ತನ ಸಿಕ್ಕಿದ ಕೂಡಲೇ ಈ ಗಡಿ ಹೇಗೆ ಕುಸಿಯುತ್ತದೆ ಎಂಬುದನ್ನು ಮುಂದೆ ನೋಡುತ್ತೀರಿ.

ಹೆಜ್ಜೆ 2: ಕಣ್ಣಳತೆಯಲ್ಲಿ ಮುಗಿಯುವವು

ಬಿಡಿಸ್ಥಾನದಲ್ಲಿ 1 ಇದೆ, 2 ಮತ್ತು 5 ಹೋದವು. ಅಂಕಿಗಳ ಮೊತ್ತ 5+7+7+2+0+1 = 22, ಆದ್ದರಿಂದ 3 ಹೋಯಿತು. ಇಷ್ಟೇ.

ಹೆಜ್ಜೆ 3: ಒಂದೇ ಕಳೆಯುವಿಕೆಯಲ್ಲಿ 7, 11, 13

ಶಾಲೆಯಲ್ಲಿ 11ರ ನಿಯಮ ಹೇಳಿಕೊಡುತ್ತಾರೆ, 7ಕ್ಕೆ ಸುತ್ತುಬಳಸಿನ ನಿಯಮವೊಂದನ್ನು ಕೊಡುತ್ತಾರೆ, 13ನ್ನು ಹೆಚ್ಚಾಗಿ ಬಿಟ್ಟೇಬಿಡುತ್ತಾರೆ. ಮೂರಕ್ಕೂ ಒಂದೇ ಕೀಲಿ ಇದೆ: 7 × 11 × 13 = 1001. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ತುಂಡು ಮಾಡಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋಗಿ. ಉಳಿದದ್ದಕ್ಕೆ ಈ ಮೂರರಲ್ಲಿ ಯಾವುದರಿಂದ ಭಾಗ ಹೋಗುತ್ತದೆಯೋ ಮೂಲ ಸಂಖ್ಯೆಗೂ ಅದರಿಂದಲೇ ಹೋಗುತ್ತದೆ.

ಇಲ್ಲಿ ತುಂಡುಗಳು ಎರಡೇ, 577 ಮತ್ತು 201. ವ್ಯತ್ಯಾಸ 376. ಅದು 8 × 47. ಅದರಲ್ಲಿ 7, 11, 13 ಯಾವುವೂ ಇಲ್ಲ. ಮೂರೂ ಹೋದವು.

ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ. 577201ನ್ನು 13ರಿಂದ ಭಾಗಿಸಿದರೆ 44400.0769 ಎಂದು ಬರುತ್ತದೆ. ಅವಸರದಲ್ಲಿ ಇದು “ಹೆಚ್ಚುಕಡಿಮೆ ಭಾಗ ಹೋಯಿತು” ಎಂಬಂತೆ ಕಾಣುತ್ತದೆ. ಭಾಗ ಹೋಗುವುದರಲ್ಲಿ ಹೆಚ್ಚುಕಡಿಮೆ ಎಂಬುದಿಲ್ಲ. ದಶಮಾಂಶವನ್ನು ಬಿಟ್ಟು 44400ನ್ನು 13ರಿಂದ ಮತ್ತೆ ಗುಣಿಸಿ: 577200. ಒಂದು ಉಳಿಯಿತು, ಅಲ್ಲಿಗೆ ತೀರ್ಮಾನ.

ಹೆಜ್ಜೆ 4: 17 ಮತ್ತು 19, ಬಾಗಿಲು ತೆರೆಯುವ ಜಾಗ

17ಕ್ಕೆ ನಿಯಮ ಹೀಗಿದೆ. ಬಿಡಿಸ್ಥಾನದ ಅಂಕಿಯನ್ನು ಕಿತ್ತು, ಅದರ ಐದರಷ್ಟನ್ನು ಮಿಕ್ಕ ಸಂಖ್ಯೆಯಿಂದ ಕಳೆಯಿರಿ. ಚಿಕ್ಕದಾಗುವವರೆಗೆ ಇದನ್ನೇ ಮಾಡುತ್ತ ಹೋಗಿ.

577201: 57720 − 5 = 57715
57715: 5771 − 25 = 5746
5746: 574 − 30 = 544
544: 54 − 20 = 34

34 ಎಂದರೆ 17ರ ಎರಡರಷ್ಟು. ಭಾಗ ಹೋಗುತ್ತದೆ!

ಈ ನಿಯಮವನ್ನು ಉರುಹೊಡೆಯಬೇಡಿ, ಕಾರಣ ತಿಳಿದುಕೊಳ್ಳಿ. ಆಗ ಬೇಕಾದ ಅವಿಭಾಜ್ಯಕ್ಕೆ ನೀವೇ ನಿಯಮ ಹೆಣೆದುಕೊಳ್ಳಬಹುದು. 17ರ ಅಪವರ್ತ್ಯಗಳಲ್ಲಿ 1ರಿಂದ ಕೊನೆಗೊಳ್ಳುವುದು 51. ಬಿಡಿ ಅಂಕಿ 1 ಇದ್ದಾಗ 51 ಕಳೆದರೆ ಬಿಡಿಸ್ಥಾನ ಸೊನ್ನೆಯಾಗುತ್ತದೆ, ಹತ್ತರ ಸ್ಥಾನದಿಂದ 5 ಹೋಗುತ್ತದೆ. ಬಿಡಿ ಅಂಕಿ 6 ಇದ್ದರೆ 51ರ ಆರರಷ್ಟು ಕಳೆದಂತೆ. ಪ್ರತಿ ಸಲ ನಾವು ಕಳೆಯುತ್ತಿರುವುದು 17ರ ಅಪವರ್ತ್ಯವನ್ನೇ, ಕೊನೆಗೆ ಉಳಿದ ಸೊನ್ನೆಯನ್ನು ಅಳಿಸುತ್ತೇವೆ ಅಷ್ಟೇ. ಹೀಗೆಯೇ 31ಕ್ಕೆ ಮೂರರಷ್ಟು ಕಳೆಯಬೇಕು, 41ಕ್ಕೆ ನಾಲ್ಕರಷ್ಟು. ಅಪವರ್ತ್ಯ 9ರಿಂದ ಕೊನೆಗೊಳ್ಳುವುದಾದರೆ ಕೂಡಿಸುವುದು ಸಲೀಸು: 19ಕ್ಕೆ ಎರಡರಷ್ಟು ಕೂಡಿಸಿ, 29ಕ್ಕೆ ಮೂರರಷ್ಟು.

ಈಗ ನಿಜವಾದ ಭಾಗಾಕಾರ: 577201 ÷ 17 = 33953. ಇಲ್ಲಿಯೇ ಗಡಿಯನ್ನು ಹೊಸದಾಗಿ ಕಟ್ಟಿಕೊಳ್ಳಿ. 184ರ ವರ್ಗ 33856, 185ರ ವರ್ಗ 34225. 759 ಇದ್ದ ಗಡಿ ಒಂದೇ ಏಟಿಗೆ 184ಕ್ಕೆ ಇಳಿಯಿತು. ಇನ್ನೊಂದು ಲಾಭವೂ ಇದೆ. 13ರವರೆಗಿನ ಯಾವ ಅವಿಭಾಜ್ಯವೂ ಮೂಲ ಸಂಖ್ಯೆಯಲ್ಲಿ ಇರಲಿಲ್ಲ, ಆದ್ದರಿಂದ ಭಾಗಲಬ್ಧದಲ್ಲೂ ಇರುವುದಿಲ್ಲ, ಮತ್ತೆ ನೋಡಬೇಕಿಲ್ಲ. 17ನ್ನು ಮಾತ್ರ ಇನ್ನೊಮ್ಮೆ ನೋಡಬೇಕು, ಅದು ಎರಡು ಸಲ ಇರಬಹುದು. ನೋಡಿದೆವು, 4 ಉಳಿಯಿತು.

19ಕ್ಕೆ: 3395 + 6 = 3401. 340 + 2 = 342. 34 + 4 = 38. 38 ಎಂದರೆ 19ರ ಎರಡರಷ್ಟು. ಭಾಗಿಸಿದರೆ 33953 ÷ 19 = 1787.

ಈ ಹಂತದಲ್ಲಿ ಹುಡುಗಿ ಜಗಲಿಯಿಂದ ಎದ್ದು ನಿಂತುಬಿಟ್ಟಳು. 17 ಬಂದ ಬೆನ್ನಿಗೇ 19 ಬಂದದ್ದು ಅವಳಿಗೆ ನಂಬಲಾಗಲಿಲ್ಲ. 17 ಮತ್ತು 19 ಅವಳಿ ಅವಿಭಾಜ್ಯಗಳು, ನಡುವೆ 18 ಒಂದೇ ಇದೆ. ಅವುಗಳ ಗುಣಲಬ್ಧ 323, ಅಂದರೆ 18ರ ವರ್ಗಕ್ಕೆ ಒಂದು ಕಡಿಮೆ.

ಹೆಜ್ಜೆ 5: 1787ರ ಮುಂದೆ ನಿಲ್ಲಬೇಕೇ?

42ರ ವರ್ಗ 1764, 43ರ ವರ್ಗ 1849. ಗಡಿ 42. 17ರಿಂದ 41ರವರೆಗೆ ಅವಿಭಾಜ್ಯಗಳು ಏಳೇ ಇವೆ: 17, 19, 23, 29, 31, 37, 41. ಭಾಗಿಸಿದಾಗ ಉಳಿಯುವ ಶೇಷಗಳು ಕ್ರಮವಾಗಿ 2, 1, 16, 18, 20, 11, 24. ಒಂದೂ ಸೊನ್ನೆಯಲ್ಲ. 1787 ಅವಿಭಾಜ್ಯ.

577201 = 17 × 19 × 1787

ಬರೆದ ಮೇಲೆ ತಾಳೆ ನೋಡುವುದನ್ನು ಬಿಡಬೇಡಿ. 9ರ ಶೇಷದ ತಾಳೆ ಅರ್ಧ ನಿಮಿಷದ ಕೆಲಸ. ಎಡಗಡೆ ಅಂಕಿಮೊತ್ತ 22, ಮತ್ತೆ ಕೂಡಿದರೆ 4. ಬಲಗಡೆ 17ಕ್ಕೆ 8, 19ಕ್ಕೆ 1, 1787ಕ್ಕೆ 5. ಗುಣಿಸಿದರೆ 40, ಕೂಡಿದರೆ 4. ತಾಳೆಯಾಯಿತು. ಅಂಕಿಗಳು ಹಿಂದುಮುಂದಾದ ತಪ್ಪು ಈ ತಾಳೆಗೆ ಸಿಗುವುದಿಲ್ಲ, ಹಾಗಾಗಿ 11ರಿಂದ ಭಾಗಿಸಿದಾಗ ಉಳಿಯುವ ಶೇಷಗಳ ತಾಳೆಯನ್ನೂ ಹೀಗೆಯೇ ಮಾಡುವುದು ಒಳ್ಳೆಯದು. ನಮ್ಮ ಲೆಕ್ಕದಲ್ಲಿ ಎರಡೂ ಕಡೆ 9 ಬರುತ್ತದೆ.

ಹೆಜ್ಜೆ 6: ಅಪವರ್ತನಗಳಿಂದ ಇಳಿದು ಬರುವ ಗುಣಗಳು

ಮೂರು ಬೇರೆ ಬೇರೆ ಅವಿಭಾಜ್ಯಗಳು, ಪ್ರತಿಯೊಂದೂ ಒಂದೇ ಸಲ. ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಹಾಗಾಗಿ ಒಟ್ಟು ಅಪವರ್ತನಗಳು 2 × 2 × 2 = 8: 1, 17, 19, 323, 1787, 30379, 33953, 577201. ಇವುಗಳ ಮೊತ್ತಕ್ಕೂ ಒಂದೊಂದಾಗಿ ಕೂಡಬೇಕಿಲ್ಲ, 18 × 20 × 1788 = 643680. ಸಂಖ್ಯೆಯನ್ನೇ ಬಿಟ್ಟು ಮಿಕ್ಕವನ್ನು ಕೂಡಿದರೆ 66479, ಸಂಖ್ಯೆಗಿಂತ ಬಹಳ ಕಡಿಮೆ. ಇಂಥವನ್ನು ನ್ಯೂನ ಸಂಖ್ಯೆ ಎನ್ನುತ್ತಾರೆ. 6 ಅಥವಾ 28ರಲ್ಲಿ ಈ ಮೊತ್ತ ಸಂಖ್ಯೆಗೇ ಸರಿಸಮವಾಗುತ್ತದೆ, ಅವು ಪರಿಪೂರ್ಣ ಸಂಖ್ಯೆಗಳು.

1ರಿಂದ 577201ರವರೆಗಿನ ಸಂಖ್ಯೆಗಳಲ್ಲಿ ಇದರೊಡನೆ 1ನ್ನು ಬಿಟ್ಟು ಬೇರೆ ಯಾವ ಅಪವರ್ತನವನ್ನೂ ಹಂಚಿಕೊಳ್ಳದವು ಎಷ್ಟು? 16 × 18 × 1786 = 514368.

ಅಂಗಳದಲ್ಲಿ ಅಡಿಕೆ ಹರವುವವರಿಗೆ ಮುಂದಿನ ಗುಣ ಇಷ್ಟವಾಗಬಹುದು. 577201 ಅಡಿಕೆಗಳನ್ನು ಸಾಲಿನಿಂದ ಸಾಲಿಗೆ ಒಂದೊಂದೇ ಹೆಚ್ಚಿಸುತ್ತ ಜೋಡಿಸಬೇಕು ಎಂದುಕೊಳ್ಳಿ. 17 ಸಾಲು ಮಾಡಿದರೆ ನಡುವಿನ ಸಾಲಿನಲ್ಲಿ 33953 ಇರಬೇಕು, ಮೊದಲ ಸಾಲಿನಲ್ಲಿ 33945, ಕೊನೆಯದರಲ್ಲಿ 33961. 19 ಸಾಲಾದರೆ 30370ರಿಂದ 30388ರವರೆಗೆ. ಎರಡೇ ಸಾಲಾದರೆ 288600 ಮತ್ತು 288601. ಒಂದಕ್ಕಿಂತ ದೊಡ್ಡ ಪ್ರತಿ ಬೆಸ ಅಪವರ್ತನಕ್ಕೆ ಇಂಥ ಒಂದು ಜೋಡಣೆ ಇರುತ್ತದೆ. ನಮ್ಮಲ್ಲಿ ಅವು ಏಳು.

ವರ್ಗಗಳ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಸಂಖ್ಯೆಯ ಹೊರಮೈ ನಮ್ಮನ್ನು ಏಮಾರಿಸುವುದು ಇಲ್ಲಿಯೇ. ಒಂದು ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? ಬೆಸ ಸಂಖ್ಯೆಯನ್ನು 4ರಿಂದ ಭಾಗಿಸಿದಾಗ 3 ಉಳಿದರೆ ಸಾಧ್ಯವೇ ಇಲ್ಲ. 577201ಕ್ಕೆ 1 ಉಳಿಯುತ್ತದೆ, ಆದ್ದರಿಂದ ಸಾಧ್ಯವಿರಬಹುದು ಎನಿಸುತ್ತದೆ. ಅಪವರ್ತನಗಳನ್ನು ನೋಡಿದರೆ ಕಥೆ ಬೇರೆ. 19ಕ್ಕೂ 1787ಕ್ಕೂ 3 ಉಳಿಯುತ್ತದೆ. ಅಂಥ ಅವಿಭಾಜ್ಯ ಬೆಸ ಸಂಖ್ಯೆಯ ಸಲ ಬಂದರೆ ಎರಡು ವರ್ಗಗಳ ಮೊತ್ತ ಅಸಾಧ್ಯ ಎಂಬುದು ಸಿದ್ಧಪಟ್ಟ ಪ್ರಮೇಯ. ಒಳಗಿದ್ದ ಎರಡು ಅಡ್ಡಿಗಳು ಗುಣಾಕಾರದಲ್ಲಿ ಒಂದನ್ನೊಂದು ಮರೆಮಾಚಿದ್ದವು. ಮೂರು ವರ್ಗಗಳಾದರೆ ಆಗುತ್ತದೆ: 758² + 51² + 6². ಗುಣಿಸಿ ನೋಡಿ, 574564 + 2601 + 36.

ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ನಾಲ್ಕು ದಾರಿಗಳಿವೆ, ಅಪವರ್ತನಗಳ ಜೋಡಿಗಳು ನಾಲ್ಕಿರುವುದರಿಂದ. ಎಲ್ಲಕ್ಕಿಂತ ಚಿಕ್ಕದು 323 ಮತ್ತು 1787ರ ಜೋಡಿಯದು: 1055² − 732².

ದ್ವಿಮಾನ ಪದ್ಧತಿಯಲ್ಲಿ ಇದು 10001100111010110001. ಇಪ್ಪತ್ತು ಸ್ಥಾನಗಳು, ಹತ್ತು ಒಂದು, ಹತ್ತು ಸೊನ್ನೆ. ಇದು ಅಪವರ್ತನಗಳಿಂದ ಬಂದ ಗುಣವಲ್ಲ, ಬರಿಯ ಕಾಕತಾಳೀಯ. ಆದರೂ ಎಣಿಸಿ ಮುಗಿಸಿದಾಗ ಖುಷಿಯಾಯಿತು.

ಇನ್ನೊಂದು ದಾರಿ, ಅದರಲ್ಲಿ ನಾನು ಕಂಡದ್ದು

17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಹೇಳಿದ ವಿಧಾನವೊಂದಿದೆ. ವರ್ಗಮೂಲದ ಮುಂದಿನ ಸಂಖ್ಯೆಯ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆಯಿರಿ. ಉಳಿದದ್ದು ಪೂರ್ಣವರ್ಗವಾದರೆ ಅಪವರ್ತನ ಸಿಕ್ಕಿತು, ಇಲ್ಲದಿದ್ದರೆ ಮುಂದಿನ ಸಂಖ್ಯೆಗೆ ಹೋಗಿ. 760² − 577201 = 399. 400 ಆಗಿದ್ದರೆ 20ರ ವರ್ಗ! ಒಂದರಲ್ಲಿ ತಪ್ಪಿತು. 761ಕ್ಕೆ 1920, ಅದೂ ಅಲ್ಲ. ಈ ದಾರಿಯಲ್ಲಿ ಉತ್ತರ ಸಿಗುವುದು 1055ಕ್ಕೆ, ಅಂದರೆ 296ನೆಯ ಪ್ರಯತ್ನದಲ್ಲಿ. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದಾಗ ಮಾತ್ರ ಈ ವಿಧಾನ ವೇಗವಾಗಿ ಫಲಿಸುತ್ತದೆ.

ಆದರೆ ಆ 399ನ್ನು ಎಸೆಯಬೇಡಿ. 760 = 19 × 40. 399 = 19 × 21. ಎರಡರಲ್ಲೂ 19 ಇದೆ! ಆದ್ದರಿಂದ 760² − 399, ಅಂದರೆ 577201ರಲ್ಲೂ 19 ಇರಲೇಬೇಕು. ಮೊದಲ ಪ್ರಯತ್ನದಲ್ಲೇ ಅಪವರ್ತನ ಕಣ್ಣೆದುರು ಇತ್ತು. ಇದು ನನ್ನ ಗಮನಕ್ಕೆ ಬಂದದ್ದು ಎಲ್ಲ ಮುಗಿದ ಮೇಲೆ, ಲಾಟೀನಿನ ಬೆಳಕಿನಲ್ಲಿ ಹಾಳೆಯನ್ನು ಮತ್ತೊಮ್ಮೆ ಓದುವಾಗ. ಅಂದಿನಿಂದ ಹೀಗೆ ಉಳಿದ ಸಂಖ್ಯೆಯೊಡನೆ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ನೋಡದೆ ಮುಂದಿನ ಸಾಲಿಗೆ ಹೋಗುವುದಿಲ್ಲ.

ಸಂಖ್ಯೆ ಇನ್ನೂ ದೊಡ್ಡದಾದರೆ

ಅಂಕಿಗಳು ಹೆಚ್ಚಿದಷ್ಟೂ ಕಷ್ಟ ಹೆಚ್ಚುತ್ತದೆ ಎಂದೇನಿಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ನಮ್ಮ ನಾಡಿನ ಮಹಾವೀರಾಚಾರ್ಯರು ಹೂಮಾಲೆಯಂತೆ ಕಾಣುವ ಗುಣಲಬ್ಧಗಳನ್ನು ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾರೆ. ಅವುಗಳಲ್ಲೊಂದು 27994681 × 441 = 12345654321. ಹನ್ನೊಂದು ಅಂಕಿ! ಆದರೆ ಅದು 111111ರ ವರ್ಗ. 111111 ಎಂದರೆ 111 × 1001. 111 ಎಂದರೆ 3 × 37, 1001 ನಮಗೆ ಆಗಲೇ ಗೊತ್ತು. 3, 7, 11, 13, 37 ಇವುಗಳ ವರ್ಗಗಳನ್ನು ಗುಣಿಸಿದರೆ ಮಾಲೆ ಸಿದ್ಧ. ಪ್ರತಿಯೊಂದನ್ನೂ ಸೊನ್ನೆ, ಒಂದು ಅಥವಾ ಎರಡು ಸಲ ಆರಿಸಬಹುದಾದ್ದರಿಂದ ಅಪವರ್ತನಗಳು 3 × 3 × 3 × 3 × 3 = 243. ನಮ್ಮ ಆರಂಕಿಯ ಪಿನ್‌ಕೋಡಿಗಿಂತ ಇದು ಬೇಗ ಬಿಡಿಸಿಕೊಂಡಿತು.

ನಿಜವಾದ ಕಷ್ಟ ಇರುವುದು ಎರಡು ಭಾರಿ ಅವಿಭಾಜ್ಯಗಳನ್ನು ಗುಣಿಸಿ ಮಾಡಿದ ಸಂಖ್ಯೆಗಳಲ್ಲಿ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ರೂಪಿಸಿದ ಗುಪ್ತಲಿಪಿಯ ವಿಧಾನ ನಿಂತಿರುವುದು ಆ ಕಷ್ಟದ ಮೇಲೆಯೇ. ಕೈಲೆಕ್ಕಕ್ಕೆ ಅವು ಸಿಗುವುದಿಲ್ಲ.

ನೀವೇ ಮಾಡಿ ನೋಡಿ

ಸಾಗರದ 577401ರಿಂದ ಶುರುಮಾಡಿ. ಅಂಕಿಮೊತ್ತ 24, ಆದ್ದರಿಂದ 3 ಇದೆ. 577 − 401 = 176 = 16 × 11, ಆದ್ದರಿಂದ 11 ಇದೆ, 7 ಮತ್ತು 13 ಇಲ್ಲ. ಉಳಿದದ್ದು 17497. ಗಡಿ 132. ಆ ಗಡಿಯವರೆಗೆ ತಾಳ್ಮೆಯಿಂದ ಹೋದರೆ ಅದು ಅವಿಭಾಜ್ಯವೆಂದು ತಿಳಿಯುತ್ತದೆ.

ನಮ್ಮ ತೀರ್ಥಹಳ್ಳಿಯ 577432ನ್ನು ಹುಡುಗಿ ಮರುದಿನ ಒಬ್ಬಳೇ ಮಾಡಿದಳು, ನಾನು ಬಾಯಿ ಹಾಕಲಿಲ್ಲ. ಕೊನೆಯ ಮೂರಂಕಿ 432ಕ್ಕೆ 8ರಿಂದ ಭಾಗ ಹೋಗುತ್ತದೆ, ಉಳಿದದ್ದು 72179, ಗಡಿ 268. 3ರಿಂದ ಶುರುಮಾಡಿ ಒಂದೊಂದೇ ಅವಿಭಾಜ್ಯದ ಶೇಷವನ್ನು ಸಾಲಾಗಿ ಬರೆಯುತ್ತ ಹೋದಳು. 13 ದಾಟಿದಳು, 19 ದಾಟಿದಳು, 50 ದಾಟಿದರೂ ಏನೂ ಸಿಗಲಿಲ್ಲ. ಇಪ್ಪತ್ತಮೂರನೆಯ ಭಾಗಾಕಾರದಲ್ಲಿ, 89ಕ್ಕೆ, ಶೇಷ ಸೊನ್ನೆಯಾಯಿತು. ಉಳಿದ 811ಕ್ಕೆ ಗಡಿ 28, ಅಷ್ಟರೊಳಗಿನ ಅವಿಭಾಜ್ಯಗಳನ್ನೆಲ್ಲ ಅವಳು ಆಗಲೇ ದಾಟಿ ಬಂದಿದ್ದಳು. 2 × 2 × 2 × 89 × 811 ಎಂದು ಬರೆದು ಪೆನ್ನು ಕೆಳಗಿಡಲಿಲ್ಲ. 9ರ ತಾಳೆ ಹಾಕಿದಳು: ಎಡಗಡೆ 28, ಅಂದರೆ 1. ಬಲಗಡೆ 8 × 8 × 1 = 64, ಅಂದರೆ 10, ಅಂದರೆ 1.